ಇಲ್ಲವೆನ್ನುವುದು, ಅರಿಯೆನೆನ್ನುವುದು: ಇಂಗ್ಲಿಷ್ ಸಾಹಿತ್ಯದಲ್ಲಿ ‘ಡಿನೈ’ ಕ್ರಿಯಾಪದ

ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಮೊದಲ ಭಾಗದಲ್ಲಿ, ಮೊದಲನೆಯ ಅಂಕದ ಮೂರನೆಯ ದೃಶ್ಯದಲ್ಲಿ, ಹಾಟ್‌ಸ್ಪರ್ ಎಂಬ ಬಿರುದಿನ ಯುವ ಪರ್ಸಿ ದೊರೆಯೆದುರು ನಿಂತು ವಿವರಣೆ ಕೊಡುತ್ತಾನೆ. ಯುದ್ಧದಲ್ಲಿ ತಾನು ಹಿಡಿದ ಸೆರೆಯಾಳುಗಳನ್ನು ದೊರೆಗೆ ಒಪ್ಪಿಸಲಿಲ್ಲವೆಂಬುದು ಅವನ ಮೇಲಿನ ದೂರು. ದೂರಿನಲ್ಲಿರುವ ಕ್ರಿಯಾಪದ ‘ಡಿನೈ’. ಯಾವ ಸೆರೆಯಾಳನ್ನೂ ತಾನು ‘ಡಿನೈ’ ಮಾಡಿಲ್ಲವೆಂದೇ ಅವನ ಉತ್ತರ ಆರಂಭವಾಗುತ್ತದೆ. ಕೊಡೆನೆಂದ ಎಂಬುದು ಆರೋಪ. ಕೊಡೆನೆನ್ನಲಿಲ್ಲ ಎಂಬುದು ಆರೋಪದ ಅಲ್ಲಗಳೆತ. ಒಂದೇ ಕ್ರಿಯಾಪದ ಮಾಡಿದ ಕೆಲಸಕ್ಕೂ ಹೆಸರಾಗಬಲ್ಲದು, ಆ ಕೆಲಸವನ್ನು ಮಾಡಲಿಲ್ಲವೆನ್ನುವ ಈಗಿನ ಮಾತಿಗೂ ಹೆಸರಾಗಬಲ್ಲದು. ಹಾಟ್‌ಸ್ಪರ್ ಮುಂದುವರಿದು ಹೇಳುವ ಕಥೆ ಪ್ರಸಿದ್ಧವಾದದ್ದು. ಕಾಳಗ ಮುಗಿದು ಬಳಲಿ ಉಸಿರುಗಟ್ಟಿ ನಿಂತಿದ್ದಾಗ, ಸುಗಂಧ ಪೂಸಿಕೊಂಡ ಆಸ್ಥಾನಿಕನೊಬ್ಬ ಬಂದು ದೊರೆಯ ಪರವಾಗಿ ಸೆರೆಯಾಳುಗಳನ್ನು ಕೇಳಿದನಂತೆ; ಗಾಯದ ನೋವಿನಲ್ಲಿ, ಬೇಸರದಲ್ಲಿ ತಾನು ಏನು ಉತ್ತರಿಸಿದೆನೋ ತನಗೇ ತಿಳಿಯದಂತೆ. ದೊರೆ ಒಪ್ಪುವುದಿಲ್ಲ. ಷರತ್ತು ಹಾಕಿ ಕೊಡುವುದೂ ‘ಡಿನೈ’ಯೇ ಎಂಬುದು ಅವನ ತೀರ್ಪು.

ಈ ಸಣ್ಣ ಜಗಳದಲ್ಲಿ ಆ ಕ್ರಿಯಾಪದದ ಸ್ವಭಾವ ಸ್ಪಷ್ಟವಾಗಿ ಕಾಣುತ್ತದೆ. ರಣರಂಗದಲ್ಲಿ ಹಾಟ್‌ಸ್ಪರ್ ಯಾವ ಮಾತನ್ನಾದರೂ ಆಡಿರಬಹುದು. ಅದು ‘ಡಿನೈ’ ಎಂದು ಹೆಸರಿಟ್ಟವರು ಬೇರೆಯವರು, ಅದೂ ಬಳಿಕ, ಬೇರೊಂದು ಸ್ಥಳದಲ್ಲಿ, ಅಧಿಕಾರದ ಸಮ್ಮುಖದಲ್ಲಿ. ಇಂಗ್ಲಿಷ್ ಸಾಹಿತ್ಯದ ಕೆಲವು ಮುಖ್ಯ ಸಂದರ್ಭಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಲಕ್ಷಣ ಮತ್ತೆ ಮತ್ತೆ ಎದುರಾಗುತ್ತದೆ. ನಿರಾಕರಿಸುವವನು ಆ ಗಳಿಗೆಯಲ್ಲಿ ‘ಡಿನೈ’ ಎಂಬ ಪದವನ್ನು ಬಳಸುವುದು ವಿರಳ. ಅವನು ಅರಿಯೆನೆನ್ನುತ್ತಾನೆ, ಇರಲಿಲ್ಲವೆನ್ನುತ್ತಾನೆ, ಕೊಡಲಿಲ್ಲವೆನ್ನುತ್ತಾನೆ. ‘ಡಿನೈ’ ಎಂಬುದು ಆ ಮಾತನ್ನು ಕೇಳಿದವರು, ಅಥವಾ ಅದನ್ನು ಮೊದಲೇ ನಿರೀಕ್ಷಿಸಿದವರು, ಅದಕ್ಕೆ ಕೊಡುವ ಹೆಸರು. ಉತ್ತಮಪುರುಷದಲ್ಲಿ, ವರ್ತಮಾನದಲ್ಲಿ ಅದು ಸಹಜವಾಗಿ ಕೂರುವುದು ನ್ಯಾಯಾಲಯದಲ್ಲಿ ಮತ್ತು ತರ್ಕಶಾಸ್ತ್ರದ ಪಾಠಶಾಲೆಯಲ್ಲಿ. ಇದನ್ನು ಗಮನಿಸದ ಕನ್ನಡ ಅನುವಾದಗಳು ಎಲ್ಲ ಕಡೆಯಲ್ಲೂ ‘ನಿರಾಕರಿಸು’ ಎಂಬ ಒಂದೇ ಸಂಸ್ಕೃತ ಧಾತುವನ್ನು ಹೊದಿಸಿ ಮುಂದೆ ಸಾಗಿಬಿಡುತ್ತವೆ.

ಪದದ ಚರಿತ್ರೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಲ್ಯಾಟಿನ್ನಿನ ‘ಡೆನೆಗಾರೆ’ ಹಳೆಯ ಫ್ರೆಂಚಿನ ದಾರಿಯಾಗಿ ಮಧ್ಯಕಾಲದ ಇಂಗ್ಲಿಷಿಗೆ ಬಂದಿತು. ಸುಳ್ಳೆನ್ನುವುದು, ಕೊಡೆನೆನ್ನುವುದು, ತನ್ನವನಲ್ಲವೆನ್ನುವುದು ಎಂಬ ಮೂರು ಅರ್ಥಗಳೂ ಅದರೊಡನೆ ಬಂದವು. ಅದಕ್ಕೆ ಮೊದಲಿನ ಹಳೆಯ ಇಂಗ್ಲಿಷಿನ ಸುವಾರ್ತೆಗಳಲ್ಲಿ ಪೇತ್ರನ ನಿರಾಕರಣೆಗೆ ಬಳಕೆಯಾದ ಕ್ರಿಯಾಪದ ‘ವಿದ್‌ಸಾಕನ್’. ಅದರ ಮೂಲದಲ್ಲಿ ಎದುರು ವಾದಿಸುವ, ಜಗಳವಾಡುವ ಅರ್ಥವಿದೆ. ಜಗಳದ ಪದ ಹೋಗಿ ‘ಇಲ್ಲ’ದ ಪದ ಬಂದಿತು ಎನ್ನಬಹುದು. ವಿಕ್ಲಿಫ್ ಪಂಥದ ಅನುವಾದದ ಹೊತ್ತಿಗೆ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ‘ಡಿನೈ’ ಆ ಜಾಗದಲ್ಲಿ ಕುಳಿತಾಗಿತ್ತು. 1526ರ ಟಿಂಡೇಲನ ಹೊಸ ಒಡಂಬಡಿಕೆಯಲ್ಲಿಯೂ 1611ರ ಅಧಿಕೃತ ಅನುವಾದದಲ್ಲಿಯೂ ಅದು ಕದಲಲಿಲ್ಲ.

ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯದ ಇಂಗ್ಲಿಷ್ ಪಾಠದಲ್ಲಿ ಈ ಪದದ ಹಂಚಿಕೆ ಹೇಗಿದೆ? ಕೋಳಿ ಕೂಗುವ ಮುನ್ನ ಮೂರು ಬಾರಿ ‘ಡಿನೈ’ ಮಾಡುವೆಯೆಂದು ಯೇಸು ಭವಿಷ್ಯ ನುಡಿಯುತ್ತಾನೆ. ಮಾಡುವುದಿಲ್ಲವೆಂದು ಪೇತ್ರ ಅದೇ ಪದವನ್ನು ಹಿಡಿದು ಮಾತು ಕೊಡುತ್ತಾನೆ. ಮೊದಲೆರಡು ಬಾರಿ ನಿರೂಪಕನೂ ಅದೇ ಪದವನ್ನು ಬಳಸುತ್ತಾನೆ. ಎರಡನೆಯ ಬಾರಿಗೆ ಆಣೆಯಿಟ್ಟು ‘ಡಿನೈ’ ಮಾಡಿದನೆಂಬ ವಿವರ ಸೇರುತ್ತದೆ. ಆದರೆ ಅಂಗಳದ ಆ ರಾತ್ರಿಯಲ್ಲಿ ಪೇತ್ರನ ಬಾಯಿಂದ ಹೊರಡುವ ಮಾತಿನಲ್ಲಿ ಆ ಕ್ರಿಯಾಪದವಿಲ್ಲ. ನೀನು ಏನೆನ್ನುತ್ತಿರುವೆಯೋ ತಿಳಿಯದು, ಆ ಮನುಷ್ಯನನ್ನು ಅರಿಯೆ ಎಂಬಷ್ಟೇ ಅವನ ಮಾತು. ತಾನು ಮಾಡುತ್ತಿರುವುದು ‘ಡಿನೈ’ ಎಂಬ ಅರಿವು ಅವನಿಗಾಗುವುದು ಕೋಳಿ ಕೂಗಿ, ಹಿಂದೆ ಕೇಳಿದ್ದ ಆ ಪದ ನೆನಪಾದಾಗ. ಮಾತಿಗೂ ಅದರ ಹೆಸರಿಗೂ ನಡುವಿನ ಈ ಅಂತರದಲ್ಲಿಯೇ ಅಳುವಿದೆ.

ಗಡಿನಾಡಿನ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಅದೇ ಭವಿಷ್ಯವಾಣಿಯನ್ನು ನೆರೆಯ ಭಾಷೆಗಳ ಬೈಬಲ್ಲುಗಳಲ್ಲಿ ನೋಡಿದರೆ ಭಾಷೆಗಳು ಎರಡು ಪಕ್ಷವಾಗಿ ನಿಲ್ಲುತ್ತವೆ. ಮಲಯಾಳದಲ್ಲಿ ‘ತಳ್ಳಿಪ್ಪರಯುಕ’, ಅಂದರೆ ತಳ್ಳಿ ನುಡಿಯುವುದು. ತಮಿಳಿನಲ್ಲಿ ‘ಮರುದಲಿ’. ಮರಾಠಿಯಲ್ಲಿ ‘ನಾ’ ಎಂಬುದರಿಂದಲೇ ಹುಟ್ಟಿದ ‘ನಾಕಾರಣೇ’. ಮೂರರಲ್ಲಿಯೂ ಇಂಗ್ಲಿಷಿನಲ್ಲಿರುವಂತೆ ನಿರಾಕರಣೆಗೆ ಹೆಸರಿಡುವ ಒಂದು ಕ್ರಿಯಾಪದವಿದೆ. ಕನ್ನಡ ಮತ್ತು ತೆಲುಗು ಬೇರೆ ದಾರಿ ಹಿಡಿದಿವೆ. ಸಭೆಗಳಲ್ಲಿ ಬಹುಕಾಲದಿಂದ ಓದುತ್ತ ಬಂದಿರುವ ಕನ್ನಡ ಸತ್ಯವೇದದಲ್ಲಿ ಪೇತ್ರನು ಮೂರು ಸಾರಿ ‘ಅರಿಯೆನು’ ಎಂದು ಹೇಳುವನೆಂದಿದೆ. ತೆಲುಗಿನಲ್ಲಿಯೂ ‘ಎರುಗನು’ ಎಂದು ಹೇಳುವನೆಂದೇ ಇದೆ. ಹೆಸರನ್ನು ಬಿಟ್ಟು ಮಾತನ್ನೇ ಎತ್ತಿಕೊಂಡದ್ದು ಈ ಎರಡು ಭಾಷೆಗಳ ಅನುವಾದ. ಹೀಗಾಗಿ ಕನ್ನಡದ ಪೇತ್ರ ಭವಿಷ್ಯವಾಣಿಯಲ್ಲಿ ಯಾವ ಮಾತನ್ನು ಕೇಳಿದ್ದನೋ ಅದೇ ಮಾತನ್ನು ಅಂಗಳದಲ್ಲಿ ಆಡುತ್ತಾನೆ. ಇಂಗ್ಲಿಷಿನ ಪೇತ್ರನಿಗೆ ತಪ್ಪಿಸಿಕೊಳ್ಳಲು ಪದದ ಮರೆಯಾದರೂ ಇದೆ. ಕನ್ನಡದವನಿಗೆ ಅದೂ ಇಲ್ಲ. ಇದು ಅನುವಾದಕರು ಬೇಕೆಂದು ಮಾಡಿದ್ದೋ ಭಾಷೆಯ ಒತ್ತಾಯದಿಂದಾದದ್ದೋ, ಫಲ ಮಾತ್ರ ಮೂಲಕ್ಕಿಂತ ಕಠೋರವಾಗಿದೆ. ಶಿಷ್ಯನಾಗಬೇಕಾದವನು ತನ್ನನ್ನೇ ‘ಡಿನೈ’ ಮಾಡಿಕೊಳ್ಳಲಿ ಎಂಬ ಬೋಧನೆಯ ಸ್ಥಳದಲ್ಲಿ ಅದೇ ಕನ್ನಡ ಸತ್ಯವೇದ ‘ನಿರಾಕರಿಸು’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದ ಬೆಸೆದಿದ್ದ ಎರಡು ಸ್ಥಳಗಳು, ಗುರುವನ್ನು ಅರಿಯೆನೆಂದದ್ದು ಮತ್ತು ತನ್ನನ್ನು ತೊರೆಯುವುದು, ಕನ್ನಡದಲ್ಲಿ ಬೇರೆಬೇರೆಯಾಗಿವೆ. ಲಾಭದೊಡನೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

‘ಅರಿಯೆ’ ಎಂಬ ರೂಪವೇ ವಿಶಿಷ್ಟವಾದದ್ದು. ಕೇಶಿರಾಜ ಮೊದಲಾದ ವೈಯಾಕರಣರು ಪ್ರತಿಷೇಧವೆಂದು ಗುರುತಿಸಿದ ಈ ಕ್ರಿಯಾರೂಪದಲ್ಲಿ, ‘ಅರಿಯೆ’, ‘ಒಲ್ಲೆ’, ‘ಕೊಡೆ’, ‘ಕಾಣೆ’ ಎನ್ನುವಲ್ಲಿ, ಇಂಗ್ಲಿಷಿನಂತೆ ‘ನಾಟ್’ ಎಂಬ ಬಿಡಿಯಾದ ನಿಷೇಧಪದವಿಲ್ಲ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತುತ್ತದೆ. ನಡುವೆ ಇರಬೇಕಾಗಿದ್ದ ಕಾಲವಾಚಕ ಇಲ್ಲದಿರುವುದರಿಂದಲೇ ನಿಷೇಧ ಹುಟ್ಟುತ್ತದೆ. ಆದ್ದರಿಂದ ‘ಅರಿಯೆ’ ಎಂದವನು ಹಿಂದೆಯೂ ಅರಿತಿರಲಿಲ್ಲ, ಈಗಲೂ ಅರಿಯ, ಮುಂದೆಯೂ ಅರಿಯ. ಇಂದಿನ ಆಡುಮಾತಿನಲ್ಲಿ ‘ಗೊತ್ತಿಲ್ಲ’ ಅದರ ಜಾಗವನ್ನು ಆಕ್ರಮಿಸಿದೆ. ಉತ್ತರದ ಕಡೆಯ ‘ಒಲ್ಲೆ’ ಮಾತ್ರ ಇನ್ನೂ ಗಟ್ಟಿಯಾಗಿದೆ.

ಶೇಕ್ಸ್‌ಪಿಯರನಿಗೆ ಕನ್ನಡದ ವ್ಯಾಕರಣ ತಿಳಿದಿರಲಿಲ್ಲವೆಂದು ಹೇಳಬೇಕಾಗಿಲ್ಲ. ಆದರೂ ನಾಲ್ಕನೆಯ ಹೆನ್ರಿಯ ಎರಡು ಭಾಗಗಳನ್ನು ಒಂದಾಗಿ ಓದಿದವರಿಗೆ ಈ ವ್ಯಾಕರಣ ಉಪಯೋಗಕ್ಕೆ ಬರುತ್ತದೆ. ಮೊದಲ ಭಾಗದ ಹೋಟೆಲಿನ ದೃಶ್ಯದಲ್ಲಿ ದರೋಡೆಯ ಜಾಡು ಹಿಡಿದು ಅಧಿಕಾರಿ ಷೆರಿಫ್ ಬಾಗಿಲು ಬಡಿಯುತ್ತಾನೆ. ರಾಜಕುಮಾರ ಹ್ಯಾಲ್ ಫಾಲ್‌ಸ್ಟಾಫನನ್ನು ಹುಟ್ಟು ಹೇಡಿಯೆಂದು ಜರೆದಾಗ ಫಾಲ್‌ಸ್ಟಾಫ್ ತರ್ಕಶಾಸ್ತ್ರದ ಪರಿಭಾಷೆಯನ್ನು ಎಳೆತಂದು, ನಿನ್ನ ಪ್ರಧಾನ ವಾಕ್ಯವನ್ನು ‘ಡಿನೈ’ ಮಾಡುತ್ತೇನೆಂದು ಉತ್ತರಿಸುತ್ತಾನೆ. ಒಡನೆಯೇ, ಷೆರಿಫನನ್ನು ನೀನು ‘ಡಿನೈ’ ಮಾಡುವುದಾದರೆ ಮಾಡು, ಇಲ್ಲವಾದರೆ ಬರಲಿ ಎನ್ನುತ್ತಾನೆ. ಮೊದಲನೆಯದು ಅಲ್ಲವೆನ್ನುವುದು, ಎರಡನೆಯದು ಒಳಗೆ ಬಿಡದಿರುವುದು. ಮೇಜರ್ ಎಂಬ ತರ್ಕಪದದಲ್ಲಿ ನಗರದ ಮೇಯರನೂ ಇಣುಕುವುದರಿಂದ ಶ್ಲೇಷೆ ಇಮ್ಮಡಿಯಾಗುತ್ತದೆ. ಉತ್ತಮಪುರುಷದ ‘ಡಿನೈ’ ಇಲ್ಲಿ ಅಪ್ಪಟ ಹಾಸ್ಯ. ಹ್ಯಾಲ್ ಏನು ಮಾಡುತ್ತಾನೆ? ಷೆರಿಫನನ್ನು ತಡೆಯುವುದಿಲ್ಲ, ಒಳಗೆ ಕರೆಸುತ್ತಾನೆ. ಕರೆಸಿ, ಆ ಮನುಷ್ಯ ಇಲ್ಲಿ ಇಲ್ಲವೆಂದು ಭರವಸೆ ಕೊಡುತ್ತಾನೆ. ಫಾಲ್‌ಸ್ಟಾಫ್ ಪರದೆಯ ಹಿಂದೆ ಅಡಗಿ, ಕೊನೆಗೆ ನಿದ್ರೆಹೋಗುತ್ತಾನೆ. ಪದದ ಎರಡು ಅರ್ಥಗಳು ರಂಗದ ಮೇಲೆ ಬೇರ್ಪಟ್ಟ ಗಳಿಗೆ ಅದು: ಪ್ರವೇಶವನ್ನು ನಿರಾಕರಿಸದೆ ಸಂಗತಿಯನ್ನು ಅಲ್ಲಗಳೆಯಲಾಗಿದೆ. ಆ ‘ಇಲ್ಲ’ ಸುಳ್ಳು; ಆದರೆ ಒಬ್ಬನನ್ನು ನೇಣಿನಿಂದ ಉಳಿಸಿದ ಸುಳ್ಳು.

ಎರಡನೆಯ ಭಾಗದ ಕೊನೆಯಲ್ಲಿ ಹ್ಯಾಲ್ ಪಟ್ಟಾಭಿಷಿಕ್ತನಾಗಿ ಬೀದಿಯಲ್ಲಿ ಬರುವಾಗ ಅದೇ ಫಾಲ್‌ಸ್ಟಾಫ್ ಗುಂಪಿನಿಂದ ಕೂಗಿ ಕರೆಯುತ್ತಾನೆ. ಈ ಮುದುಕನ ಪರಿಚಯವೇ ತನಗಿಲ್ಲವೆಂದು ಹೊಸ ದೊರೆ ಉತ್ತರಿಸುತ್ತಾನೆ. ‘ಡಿನೈ’ ಎಂಬ ಪದ ಅಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪೇತ್ರನ ಮಾತು ಇಲ್ಲಿ ತಿರುಗುಮುರುಗಾಗಿದೆ. ಅಲ್ಲಿ ಅಳುಕಿದ ಶಿಷ್ಯ ಬಂಧಿತನಾದ ಗುರುವನ್ನು ಅರಿಯೆನೆಂದ. ಇಲ್ಲಿ ಸಿಂಹಾಸನವೇರಿದ ಶಿಷ್ಯ ಬೀದಿಯಲ್ಲಿ ನಿಂತ ಗುರುವನ್ನು, ಅದೂ ಪೋಲಿ ಗುರುವನ್ನು, ಅರಿಯೆನೆನ್ನುತ್ತಾನೆ. ಇಂಗ್ಲಿಷಿನ ‘ನೋ’ ಕ್ರಿಯಾಪದದ ವರ್ತಮಾನ ರೂಪ ಈಗ ಅರಿಯೆನೆಂಬುದನ್ನು ಮಾತ್ರ ಹೇಳಬೇಕಿತ್ತು. ಪ್ರೇಕ್ಷಕರಿಗೆ ಅದು ಕಳೆದ ಎರಡು ನಾಟಕಗಳ ಸಹವಾಸವನ್ನೇ ಒರೆಸಿಹಾಕಿದಂತೆ ಕೇಳಿಸುತ್ತದೆ. ಕಾಲವಾಚಕವಿಲ್ಲದ ಕನ್ನಡದ ‘ಅರಿಯೆ’ ಈ ಒರೆಸುವಿಕೆಯನ್ನು ಪ್ರತ್ಯಯದಲ್ಲಿಯೇ ಹೊತ್ತಿದೆ. ಅಲ್ಲಿ ‘ನಿರಾಕರಿಸುತ್ತೇನೆ’ ಎಂದು ಬರೆದ ಅನುವಾದಕ ದೊರೆಯ ಬಾಯಲ್ಲಿ ವಿಮರ್ಶಕನ ಪದವನ್ನು ಇಟ್ಟಂತಾಗುತ್ತದೆ.

ಈ ಕ್ರಿಯಾಪದ ಅತ್ಯಂತ ಘೋರವಾಗಿ ಕೆಲಸ ಮಾಡಿರುವುದು ‘ಒಥೆಲೊ’ದಲ್ಲಿ. ಮೂರನೆಯ ಅಂಕದ ಮೂರನೆಯ ದೃಶ್ಯದ ಆರಂಭದಲ್ಲಿ ಡೆಸ್ಡಿಮೋನಾ ಕ್ಯಾಸಿಯೋನ ಪರವಾಗಿ ಗಂಡನನ್ನು ಪೀಡಿಸುತ್ತಾಳೆ. ನಿನಗೆ ಏನನ್ನೂ ‘ಡಿನೈ’ ಮಾಡೆನೆಂದು ಒಥೆಲೊ ಎರಡು ಬಾರಿ ಹೇಳುತ್ತಾನೆ. ಎರಡನೆಯ ಬಾರಿಗೆ, ಸ್ವಲ್ಪ ಹೊತ್ತು ತನ್ನನ್ನು ಏಕಾಂತಕ್ಕೆ ಬಿಡಬೇಕೆಂದು ಪ್ರತಿಯಾಗಿ ಕೋರುತ್ತಾನೆ. ನಿಮಗೆ ‘ಡಿನೈ’ ಮಾಡುವೆನೆ ಎಂದು ಕೇಳಿ ಅವಳು ಹೊರಡುತ್ತಾಳೆ. ದಾಂಪತ್ಯದ ಸರಸದಲ್ಲಿ ಒಂದೇ ಪದ ಮತ್ತೆ ಮತ್ತೆ ಕೈಬದಲಾಗಿದೆ. ಅವಳು ತೆರವು ಮಾಡಿದ ಆ ಏಕಾಂತಕ್ಕೆ ಇಯಾಗೊ ಕಾಲಿಡುತ್ತಾನೆ. ಐದನೆಯ ಅಂಕದಲ್ಲಿ, ಹಾಸಿಗೆಯ ಪಕ್ಕದಲ್ಲಿ, ಪದ ಮರಳಿ ಬರುತ್ತದೆ. ಆಣೆಯಿಟ್ಟು ಒಂದೊಂದು ಅಂಶವನ್ನೂ ‘ಡಿನೈ’ ಮಾಡಿದರೂ ತನ್ನ ಮನಸ್ಸಿನಲ್ಲಿ ಬೇರೂರಿದ ಭಾವನೆ ಅಳಿಯದೆಂದು ಒಥೆಲೊ ಹೆಂಡತಿಗೆ ತಿಳಿಸುತ್ತಾನೆ. ಅವನು ಬಳಸುವುದು ವಿಚಾರಣೆಯ ಭಾಷೆ: ಆರೋಪದ ಅಂಶಗಳು, ಆಣೆ, ಅಲ್ಲಗಳೆತ. ಆದರೆ ತೀರ್ಪು ಮೊದಲೇ ಆಗಿಹೋಗಿದೆ. ಅವಳು ಇನ್ನೂ ಆಡದ ಮಾತಿಗೂ ‘ಡಿನೈ’ ಎಂದು ಹೆಸರಿಟ್ಟಾಗಿದೆ. ಹೆಸರಿಟ್ಟೊಡನೆ ಅದು ಅಪರಾಧದ ಇನ್ನೊಂದು ಕುರುಹಾಗಿ ಮಾರ್ಪಟ್ಟಿದೆ. ಆಣೆಯಿಟ್ಟು ‘ಡಿನೈ’ ಮಾಡುವುದೆಂಬ ಜೋಡಣೆಯನ್ನು ಅಂದಿನ ಪ್ರೇಕ್ಷಕರು ಪೇತ್ರನ ಕಥೆಯಲ್ಲಿ ಕೇಳಿ ಬಲ್ಲವರು. ಅಲ್ಲಿ ಆಣೆ ಹೆಚ್ಚಿದಂತೆ ಸುಳ್ಳೂ ಹೆಚ್ಚಿತ್ತು. ಒಥೆಲೊ ಆ ಮಾದರಿಯನ್ನು ನಿರಪರಾಧಿಯ ಮೇಲೆ ಹೊರಿಸುತ್ತಾನೆ.

ಡೆಸ್ಡಿಮೋನಾಳ ನಿಷೇಧವಾಕ್ಯಗಳನ್ನು ಕನ್ನಡದಲ್ಲಿ ಕೇಳಿಸಿಕೊಂಡರೆ ಇಂಗ್ಲಿಷಿನಲ್ಲಿ ಮರೆಯಾಗಿದ್ದ ಒಂದು ಭೇದ ಮೇಲೆದ್ದು ಬರುತ್ತದೆ. ನಾಲ್ಕನೆಯ ಅಂಕದಲ್ಲಿ ಗಂಡ ಕೇಳುವುದು ಅವಳು ಏನಾಗಿದ್ದಾಳೆಂಬುದನ್ನು; ಅದಕ್ಕೆ ಕನ್ನಡದ ಉತ್ತರ ‘ಅಲ್ಲ’. ಐದನೆಯ ಅಂಕದಲ್ಲಿ ಕೇಳುವುದು ಕರವಸ್ತ್ರವನ್ನು ಕ್ಯಾಸಿಯೋಗೆ ಕೊಟ್ಟಳೇ ಎಂಬುದನ್ನು; ಅದಕ್ಕೆ ಉತ್ತರ ‘ಇಲ್ಲ’. ತಾನು ಅಂಥವಳಲ್ಲವೆಂಬುದಕ್ಕೆ ಅವಳಲ್ಲಿರುವುದು ಆಣೆಯೊಂದೇ. ಕೊಟ್ಟಿಲ್ಲವೆಂಬುದಕ್ಕೆ ಸಾಕ್ಷಿಯನ್ನು ಕರೆಸಬಹುದು, ಮತ್ತು ಅವಳು ಕರೆಸಿರೆಂದೇ ಬೇಡುತ್ತಾಳೆ. ಒಥೆಲೊನ ‘ಡಿನೈ’ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಸಾಕ್ಷಿಯಿಂದ ತೀರಬಹುದಾದ ‘ಇಲ್ಲ’ವನ್ನು ಸಾಕ್ಷಿಯೇ ಇಲ್ಲದ ‘ಅಲ್ಲ’ದೊಳಗೆ ಮುಳುಗಿಸಿದ್ದು ಅವನ ವಿಚಾರಣೆಯ ದೋಷ.

ಅವಳು ಎಲ್ಲ ಕಡೆಯೂ ಸತ್ಯವನ್ನೇ ಹೇಳಿದವಳೆಂದು ಭಾವಿಸುವ ಅಗತ್ಯವಿಲ್ಲ. ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ ಕರವಸ್ತ್ರ ಕಳೆದಿಲ್ಲವೆಂದು ಹೇಳುವಾಗ ಅವಳು ಹೆದರಿ ಸುಳ್ಳಾಡಿದ್ದಾಳೆ. ಆ ಸುಳ್ಳು ‘ಇಲ್ಲ’ದ ಮುಂದೆ ನಿಜವಾದ ‘ಅಲ್ಲ’ವೂ ನಿಜವಾದ ‘ಇಲ್ಲ’ವೂ ಬೆಲೆ ಕಳೆದುಕೊಳ್ಳುತ್ತವೆ. ಕೊನೆಯುಸಿರಿನಲ್ಲಿ, ಈ ಕೃತ್ಯ ಎಸಗಿದವರು ಯಾರೆಂದು ಎಮಿಲಿಯಾ ಕೇಳಿದಾಗ, ಯಾರೂ ಅಲ್ಲ, ತಾನೇ ಎನ್ನುತ್ತಾಳೆ. ಮತ್ತೊಂದು ಸುಳ್ಳು, ಕೊಂದವನನ್ನು ಉಳಿಸುವ ಸುಳ್ಳು. ತಾನಲ್ಲವೆಂದು ಅವಳೇ ಹೇಳಿದಳಲ್ಲವೇ ಎಂದು ಒಥೆಲೊ ಒಂದು ಕ್ಷಣ ಆ ಮಾತಿನ ಆಶ್ರಯದಲ್ಲಿ ನಿಲ್ಲುತ್ತಾನೆ. ಮರುಕ್ಷಣವೇ, ಸುಳ್ಳಾಡಿ ನರಕಕ್ಕೆ ಹೋದವಳೆಂದು ಅವಳನ್ನು ಬೈದು, ಕೊಂದವನು ತಾನೆಂದು ಒಪ್ಪುತ್ತಾನೆ. ಅವಳ ಮಾತುಗಳಲ್ಲಿ ಅವನು ಸರಿಯಾಗಿ ಸುಳ್ಳೆಂದು ಗುರುತಿಸಿದ್ದು ಅವನ ಪ್ರಾಣಕ್ಕೆ ಅನುಕೂಲವಾಗಿದ್ದ ಈ ಒಂದನ್ನು.

ಅನುವಾದಕನಿಗೆ ಇಲ್ಲಿ ಒಂದು ದಾರಿಯಿದೆ. ಬೇಡಿದವರಿಗೆ ಇಲ್ಲವೆನ್ನದವನು ಎಂದು ಕರ್ಣನನ್ನು ಹೊಗಳುವ ಕನ್ನಡಕ್ಕೆ ‘ಇಲ್ಲವೆನ್ನು’ ಎಂಬ ಕ್ರಿಯೆಯಲ್ಲಿ ಕೊಡದಿರುವುದೂ ಸಂಗತಿಯನ್ನು ಒಪ್ಪದಿರುವುದೂ ಸೇರಿಯೇ ಇವೆ. ಮೂರನೆಯ ಅಂಕದಲ್ಲಿ ಯಾವುದನ್ನೂ ‘ಇಲ್ಲವೆನ್ನೆ’ ಎಂದ ಗಂಡ, ಐದನೆಯ ಅಂಕದಲ್ಲಿ ಆಣೆಯಿಟ್ಟು ‘ಇಲ್ಲವೆಂದರೂ’ ಫಲವಿಲ್ಲವೆಂದು ಹೇಳಿದರೆ ಮೂಲದ ಪ್ರತಿಧ್ವನಿ ಉಳಿಯುತ್ತದೆ. ಮೊದಲನೆಯದಕ್ಕೆ ‘ನಿರಾಕರಿಸು’, ಎರಡನೆಯದಕ್ಕೆ ‘ಅಲ್ಲಗಳೆ’ ಎಂದು ಶುದ್ಧವಾಗಿ ವಿಂಗಡಿಸಿದ ಅನುವಾದ ನಿಘಂಟಿಗೆ ನಿಷ್ಠವಾಗಿದ್ದೀತು, ನಾಟಕಕ್ಕೆ ಅಲ್ಲ. ಈ ಪರಿಹಾರ ಎಲ್ಲ ಕಡೆಗೂ ಒದಗುವುದಿಲ್ಲ. ಔತಣಕ್ಕೆ ಬಾರದ ಮ್ಯಾಕ್‌ಡಫ್ ತನ್ನನ್ನೇ ‘ಡಿನೈ’ ಮಾಡಿದನೆಂದು ಮ್ಯಾಕ್‌ಬೆತ್ ಹೆಂಡತಿಯೊಡನೆ ಹೇಳುವಲ್ಲಿ ‘ಬರಲೊಲ್ಲ’ ಎಂಬುದೇ ಸೊಗಸು.

ಹತ್ತೊಂಬತ್ತನೆಯ ಶತಮಾನದ ಕಾದಂಬರಿಗೆ ಬಂದರೆ ನಿಷೇಧವಾಕ್ಯದ ಸುತ್ತ ನೀತಿಶಾಸ್ತ್ರ ದಟ್ಟವಾಗುತ್ತದೆ. 1818ರ ವಾಲ್ಟರ್ ಸ್ಕಾಟನ ‘ದ ಹಾರ್ಟ್ ಆಫ್ ಮಿಡ್‌ಲೋಥಿಯನ್’ನಲ್ಲಿ, ಬಸಿರನ್ನು ಮುಚ್ಚಿಟ್ಟವರಿಗೆ ಮರಣದಂಡನೆ ವಿಧಿಸುವ 1690ರ ಸ್ಕಾಟ್ಲೆಂಡಿನ ಶಾಸನದಡಿ ಎಫಿ ಡೀನ್ಸ್ ವಿಚಾರಣೆಗೊಳಗಾಗಿದ್ದಾಳೆ. ತಂಗಿ ತನ್ನೊಡನೆ ಹೇಳಿಕೊಂಡಿದ್ದಳೆಂದು ಅಕ್ಕ ಜೀನಿ ಒಂದು ಮಾತು ಹೇಳಿದರೆ ಸಾಕು. ಅವಳು ಹೇಳುವುದಿಲ್ಲ, ಹೇಳಿಕೊಂಡಿರಲಿಲ್ಲವೆಂಬ ನಿಷೇಧವಾಕ್ಯವೇ ಅವಳ ಸತ್ಯ. ಎಲಿಜಬೆತ್ ಗ್ಯಾಸ್ಕೆಲ್ಲಳ ‘ನಾರ್ತ್ ಅಂಡ್ ಸೌತ್’ (1854–55) ಇದನ್ನು ಮಗುಚಿಹಾಕುತ್ತದೆ. ದಂಗೆಯೆದ್ದ ನಾವಿಕನೆಂದು ಕಾನೂನಿಗೆ ಬೇಕಾದ ಅಣ್ಣನನ್ನು ಉಳಿಸಲು ಮಾರ್ಗರೆಟ್ ಹೇಲ್, ತಾನು ಆ ಸಂಜೆ ರೈಲು ನಿಲ್ದಾಣದಲ್ಲಿ ಇರಲಿಲ್ಲವೆಂದು ಪೊಲೀಸ್ ಇನ್ಸ್‌ಪೆಕ್ಟರಿಗೆ ಹೇಳುತ್ತಾಳೆ. ಅವಳನ್ನು ಅಲ್ಲಿ ಕಂಡಿದ್ದ ಥಾರ್ನ್‌ಟನ್ನನೇ ಮ್ಯಾಜಿಸ್ಟ್ರೇಟ್ ಆಗಿದ್ದು, ವಿಚಾರಣೆ ಮುಂದುವರಿಯದಂತೆ ಮಾಡುತ್ತಾನೆ. ಕಾನೂನಿನ ಕೈಯಿಂದ ಪಾರಾದವಳು ಅವನ ಅರಿವಿನಿಂದ ಪಾರಾಗಲಾರಳು. ಸ್ಕಾಟನ ನಾಯಕಿಯನ್ನು ಮೆಚ್ಚುವುದು ಸುಲಭ. ಗ್ಯಾಸ್ಕೆಲ್ಲಳ ನಾಯಕಿಯೊಡನೆ ಬದುಕುವುದು ಓದುಗರಿಗೆ ಹೆಚ್ಚು ನಿಜವೆನಿಸುತ್ತದೆ.

ಜಾರ್ಜ್ ಎಲಿಯಟ್‌ಳ ‘ಮಿಡಲ್‌ಮಾರ್ಚ್’ (1871–72) ಈ ಕ್ರಿಯಾಪದವನ್ನು ಅದರ ತವರಾದ ವ್ಯವಹಾರದ ಭಾಷೆಗೆ ಮರಳಿಸುತ್ತದೆ. ಕಾಲರಾ ವಿಷಯದ ಊರಿನ ಸಭೆಯಲ್ಲಿ ವಕೀಲ ಹಾಲಿ ಎದ್ದುನಿಂತು, ಸತ್ತವನೊಬ್ಬ ಮಾಡಿದ ಆರೋಪಗಳನ್ನು ಬ್ಯಾಂಕರ್ ಬಲ್‌ಸ್ಟ್ರೋಡ್ ಬಹಿರಂಗವಾಗಿ ‘ಡಿನೈ’ ಮಾಡಲಿ, ಇಲ್ಲವೇ ಸಾರ್ವಜನಿಕ ಸ್ಥಾನಗಳಿಂದ ಸರಿಯಲಿ ಎಂದು ಒತ್ತಾಯಿಸುತ್ತಾನೆ. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಟನೆಯ ಆದೇಶವನ್ನು ಬಲ್ಲವರಿಗೆ ಈ ನಿಲುವು ಪರಿಚಿತ. ದಾವೆಯ ಆರೋಪವನ್ನು ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿದಂತೆಯೇ ಎಂದು ಅದು ಭಾವಿಸುತ್ತದೆ, ನುಣುಚಿಕೊಳ್ಳುವ ಅಲ್ಲಗಳೆತವನ್ನೂ ಸಹಿಸುವುದಿಲ್ಲ. ಬಲ್‌ಸ್ಟ್ರೋಡ್ ಅಲ್ಲವೆನ್ನುವುದಿಲ್ಲ. ತನ್ನನ್ನು ತೂಗಲು ನೀವು ಯಾರು ಎಂಬ ಧಾಟಿಯಲ್ಲಿ ಆರೋಪಿಸಿದವರ ಮೇಲೆಯೇ ತಿರುಗಿಬೀಳುತ್ತಾನೆ. ಸಭೆಗೆ ಅಷ್ಟೇ ಸಾಕಾಗುತ್ತದೆ.

ಫ್ರಾಯ್ಡ್‌ನ ಬಳಿಕ, ಅವನ 1925ರ ನಿಷೇಧ ಕುರಿತ ಪುಟ್ಟ ಪ್ರಬಂಧದ ನೆರಳಿನಲ್ಲಿ, ಇಂಥ ಸ್ಥಳಗಳನ್ನೆಲ್ಲ ಮನಸ್ಸು ತನಗೇ ತಿಳಿಯದಂತೆ ಮುಚ್ಚಿಟ್ಟ ಸತ್ಯವೆಂದು ಓದುವ ಪರಿಪಾಠ ಬೆಳೆದಿದೆ. ಇಂದಿನ ಇಂಗ್ಲಿಷಿನಲ್ಲಿ ‘ಡಿನೈಯಲ್’ ಎಂಬ ನಾಮಪದ ಒಂದು ಕಾಯಿಲೆಯ ಹೆಸರಿನಂತೆ ಕೇಳಿಸುತ್ತದೆ. ಈ ಓದಿನಲ್ಲಿ ಪ್ರತಿಯೊಂದು ‘ಇಲ್ಲ’ವೂ ‘ಹೌದು’ ಆಗಿಬಿಡುವ ಅಪಾಯವಿದೆ. ಅದು ಒಥೆಲೊನ ವಿಚಾರಣಾ ಕ್ರಮವೇ. ಬಲ್‌ಸ್ಟ್ರೋಡನಿಗೆ ತಾನು ಮಾಡಿದ್ದು ಗೊತ್ತು. ಪೇತ್ರನಿಗೂ ಗೊತ್ತು.

ಊರಿಗೆಲ್ಲ ತಿಳಿದ ಮೇಲೆ ಬಲ್‌ಸ್ಟ್ರೋಡನ ಹೆಂಡತಿ ಹ್ಯಾರಿಯೆಟ್‌ಗೆ ಸುದ್ದಿ ಮುಟ್ಟುತ್ತದೆ. 74ನೆಯ ಅಧ್ಯಾಯದಲ್ಲಿ ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಒಡವೆಗಳನ್ನು ತೆಗೆದಿಟ್ಟು, ಸರಳವಾದ ಕಪ್ಪು ಉಡುಪು ತೊಟ್ಟು, ಗಂಡನಿರುವಲ್ಲಿಗೆ ಇಳಿದು ಬರುತ್ತಾಳೆ. ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಅಳುತ್ತಾರೆ. ಇದರಲ್ಲಿ ಎಷ್ಟು ಬರಿಯ ಅಪವಾದವೆಂದು ಅವಳು ಕೇಳಲಾರಳು. ತಾನು ನಿರಪರಾಧಿಯೆಂದು ಅವನು ಹೇಳುವುದಿಲ್ಲ. ಸಭೆಯಲ್ಲಿ ವಕೀಲ ಕೇಳಿದ್ದ ಪದ ಆ ಕೋಣೆಯೊಳಗೆ ಬರುವುದಿಲ್ಲ. ಕೇಳದ ಪ್ರಶ್ನೆಯನ್ನೂ ಹೇಳದ ಉತ್ತರವನ್ನೂ ಹೆಸರಿಸಿ ದಾಖಲಿಸುವವಳು ನಿರೂಪಕಿ. ಅವಳೂ ಆ ಮೌನಕ್ಕೆ ‘ಡಿನೈ’ ಎಂದು ಹೆಸರು ಕೊಡುವುದಿಲ್ಲ.